ಬಿಬಿ ಆಂಡರ್ಸನ್ ಯಾರು? ಆಕೆಯ ಯಾವ ಸಿನಿಮಾ ಮೊದಲು ನೋಡಬೇಕು?

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ಸಿನಿಮಾಗಳಲ್ಲಿ ಮತ್ತೆ ಮತ್ತೆ ಕಾಣುವ ನಟಿ ಬಿಬಿ ಆಂಡರ್ಸನ್ ಯಾರು, ಆಕೆಯ ಬದುಕು ಹೇಗಿತ್ತು, ಯಾವ ಸಿನಿಮಾದಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎಲ್ಲರೂ 'ಪರ್ಸೋನಾ' ಅನ್ನುತ್ತಾರೆ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ನಾನು ಆ ತಪ್ಪು ಮಾಡಿದ್ದೆ. ಕಾಲೇಜಿನಲ್ಲಿದ್ದಾಗ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದು. ಸಬ್‌ಟೈಟಲ್ ಓದುವುದರಲ್ಲೇ ಮುಳುಗಿಹೋಗಿದ್ದೆ, ಮುಖಗಳನ್ನು ನೋಡಲೇ ಇಲ್ಲ. ಮದುವೆಮನೆಗೆ ಹೋಗಿ ಚಪ್ಪಲಿ ಕಾಯ್ದು ಬಂದ ಹಾಗಾಯಿತು.

ಈಗ ಕಥೆಗೆ ಬರೋಣ. ಹುಟ್ಟಿದ್ದು 1935ರ ನವೆಂಬರ್ 11ರಂದು, ಸ್ಟಾಕ್‌ಹೋಮ್‌ನಲ್ಲಿ. ನಿಜವಾದ ಹೆಸರು ಬೆರಿಟ್ ಎಲಿಸಬೆತ್. ಅಕ್ಕ ಗೆರ್ಡ್ ಬ್ಯಾಲೆ ನೃತ್ಯಗಾರ್ತಿ. ಬಿಬಿ ಮೊದಲ ಸಲ ಬರ್ಗ್‌ಮನ್ ಕ್ಯಾಮೆರಾ ಮುಂದೆ ನಿಂತದ್ದು ದೊಡ್ಡ ಸಿನಿಮಾದಲ್ಲಲ್ಲ, ಸೋಪಿನ ಜಾಹೀರಾತಿನಲ್ಲಿ! 1951ರಲ್ಲಿ ಸ್ವೀಡನ್ನಿನ ಸಿನಿಮಾದವರು ಮನರಂಜನಾ ತೆರಿಗೆ ಜಾಸ್ತಿಯಾಯಿತು ಅಂತ ಶೂಟಿಂಗ್ ನಿಲ್ಲಿಸಿದ್ದರು. ಕೈಯಲ್ಲಿ ಕಾಸಿಲ್ಲದ ಬರ್ಗ್‌ಮನ್ 'ಬ್ರಿಸ್' ಅನ್ನುವ ಸೋಪಿಗೆ ಒಂಬತ್ತು ಪುಟ್ಟ ಚಿತ್ರ ಮಾಡಿಕೊಟ್ಟರು. ಅದರಲ್ಲೊಂದು ರಾಜಕುಮಾರಿ ಮತ್ತು ಹಂದಿ ಕಾಯುವವನ ಕಥೆ. ರಾಜಕುಮಾರಿ ಆಗಿದ್ದು ಹದಿನೈದರ ಬಿಬಿ.

ಆಮೇಲೆ 1954ರಿಂದ 56ರವರೆಗೆ ಸ್ಟಾಕ್‌ಹೋಮ್‌ನ ರಾಯಲ್ ಡ್ರಮ್ಯಾಟಿಕ್ ಥಿಯೇಟರ್‌ನ ನಟನಾ ಶಾಲೆಯಲ್ಲಿ ಓದು. ಅಲ್ಲಿಯ ಜನ ಈ ರಂಗಮಂದಿರವನ್ನು 'ದ್ರಮಾತೆನ್' ಅಂತ ಕರೆಯುತ್ತಾರೆ. ನಂತರ ದಕ್ಷಿಣದ ಮಾಲ್ಮೋ ಊರಿನ ರಂಗತಂಡದಲ್ಲಿ ಬರ್ಗ್‌ಮನ್ ಜೊತೆ ನಾಟಕ. ಆ ದಿನಗಳಲ್ಲಿ ಇಬ್ಬರ ನಡುವೆ ಪ್ರೇಮವೂ ಇತ್ತು. ಪ್ರೇಮ ಮುಗಿಯಿತು, ಕೆಲಸ ಮಾತ್ರ ಹಲವು ದಶಕ ನಡೆಯಿತು. ಬರ್ಗ್‌ಮನ್‌ರ ತಂಡದ ಪದ್ಧತಿ ನಮಗೆ ಗೊತ್ತಿರುವಂಥದ್ದೇ. ಚಳಿಗಾಲದಲ್ಲಿ ನಾಟಕ, ಬೇಸಿಗೆಯಲ್ಲಿ ಅದೇ ಜನರನ್ನು ಕಟ್ಟಿಕೊಂಡು ಸಿನಿಮಾ. ನಮ್ಮ ಕಂಪನಿ ನಾಟಕದವರ ನೆನಪಾಗುತ್ತೆ, ಅಲ್ವಾ?

1957 ಬಿಬಿಯ ವರ್ಷ. 'ದಿ ಸೆವೆಂತ್ ಸೀಲ್'ನಲ್ಲಿ ಆಕೆ ಊರೂರು ತಿರುಗುವ ಆಟದವನ ಹೆಂಡತಿ ಮಿಯಾ. ಸುತ್ತ ಪ್ಲೇಗು, ಸಾವು, ಭಯ. ಅದರ ನಡುವೆ ಈ ಹುಡುಗಿ ಗುಡ್ಡದ ಮೇಲೆ ಕೂತು, ದಣಿದು ಬಂದ ಯೋಧನಿಗೆ ಒಂದು ಬಟ್ಟಲು ಹಾಲು, ಒಂದಿಷ್ಟು ಕಾಡು ಸ್ಟ್ರಾಬೆರಿ ಕೊಡುತ್ತಾಳೆ. ಅಷ್ಟೇ. ಸಿನಿಮಾದಲ್ಲಿ ಸಾವಿನ ಜೊತೆ ಚದುರಂಗ ಆಡುವ ದೃಶ್ಯ ಜಗತ್ಪ್ರಸಿದ್ಧ. ಆದರೆ ನನಗೆ ನೆನಪಲ್ಲಿ ಉಳಿದದ್ದು ಆ ಹಾಲಿನ ಬಟ್ಟಲು.

ಅದೇ ವರ್ಷದ 'ವೈಲ್ಡ್ ಸ್ಟ್ರಾಬೆರೀಸ್' ನೋಡಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ, ಇಲ್ಲಿಂದ ಶುರು ಮಾಡಿ. ಇದರಲ್ಲಿ ಬಿಬಿಗೆ ಎರಡು ಪಾತ್ರ, ಎರಡಕ್ಕೂ ಸಾರಾ ಅಂತಲೇ ಹೆಸರು. ಒಬ್ಬಳು ಮುದುಕ ಡಾಕ್ಟರ್ ಈಸಾಕ್ ಬೋರ್ಗ್ ಚಿಕ್ಕಂದಿನಲ್ಲಿ ಪ್ರೀತಿಸಿದ ಹುಡುಗಿ, ಅವನ ಅಣ್ಣತಮ್ಮಂದಿರಲ್ಲೇ ಒಬ್ಬನ ಪಾಲಾದವಳು. ಇನ್ನೊಬ್ಬಳು ದಾರಿಯಲ್ಲಿ ಸಿಕ್ಕಿ, ಅವನನ್ನು ಕೇಳಿ ಕಾರು ಹತ್ತುವ, ಬಾಯಲ್ಲಿ ಪೈಪ್ ಇಟ್ಟುಕೊಂಡ ಇವತ್ತಿನ ಹುಡುಗಿ. ಮೇಕಪ್ಪಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೂ ಒಬ್ಬಳು ಇನ್ನೊಬ್ಬಳಲ್ಲ ಅಂತ ನಡಿಗೆಯಲ್ಲೇ ಗೊತ್ತಾಗುತ್ತದೆ. ಕನಸಿನಲ್ಲಿ ಮೊದಲ ಸಾರಾ ಕನ್ನಡಿ ಹಿಡಿದು ಮುದುಕನಿಗೆ ಅವನ ಮುಖವನ್ನೇ ತೋರಿಸುತ್ತಾಳೆ. ದನಿಯಲ್ಲಿ ಸಿಟ್ಟಿಲ್ಲ, ಕರುಣೆಯೂ ಜಾಸ್ತಿ ಇಲ್ಲ. ಅದಕ್ಕೇ ಜಾಸ್ತಿ ನೋಯುತ್ತದೆ.

ಪ್ರಶಸ್ತಿಗಳ ವಿಷಯ ಬೇಗ ಮುಗಿಸುತ್ತೇನೆ. ಹೆರಿಗೆ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ನಡೆಯುವ 'ಬ್ರಿಂಕ್ ಆಫ್ ಲೈಫ್'ಗೆ 1958ರ ಕಾನ್ ಚಿತ್ರೋತ್ಸವದಲ್ಲಿ ನಾಲ್ವರು ನಟಿಯರಿಗೂ ಸೇರಿಸಿ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟರು, ಬಿಬಿ ಅವರಲ್ಲೊಬ್ಬಳು. 1963ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಅತ್ಯುತ್ತಮ ನಟಿ. ಅದು ಬರ್ಗ್‌ಮನ್ ಸಿನಿಮಾಗಲ್ಲ, ವಿಲ್ಗೋಟ್ ಶೋಮನ್ ಅವರ 'ದಿ ಮಿಸ್ಟ್ರೆಸ್'ಗೆ. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. ಆಕೆಯನ್ನು ಸುಮ್ನೆ 'ಬರ್ಗ್‌ಮನ್ ನಟಿ' ಅಂತ ಬದಿಗೆ ಸರಿಸುವವರ ಮೇಲೆ ನನಗೆ ಸ್ವಲ್ಪ ಕೋಪ.

ಈಗ 'ಪರ್ಸೋನಾ', 1966. ನಾಟಕದ ಮಧ್ಯೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ ನಟಿ ಎಲಿಸಬೆತ್, ಆಕೆಯನ್ನು ನೋಡಿಕೊಳ್ಳುವ ನರ್ಸ್ ಆಲ್ಮಾ. ಮಾತಾಡದವಳು ಲಿವ್ ಉಲ್ಮನ್, ಮಾತಾಡುವವಳು ಬಿಬಿ. ಹೊರಗೂ ಇಬ್ಬರು ಒಳ್ಳೆ ಗೆಳತಿಯರು. ಹೆಚ್ಚೂಕಡಿಮೆ ಸಿನಿಮಾ ಪೂರ್ತಿ ಬಿಬಿಯೊಬ್ಬಳೇ ಮಾತಾಡಬೇಕು. ಒಂದೆರಡು ಮಾತು ಬಿಟ್ಟರೆ ಎದುರಿಗಿರುವವಳು 'ಹೂಂ' ಕೂಡ ಅನ್ನುವುದಿಲ್ಲ. ರಂಗದ ಮೇಲೆ ಪಳಗದವರು ಇದನ್ನು ಮಾಡಲಾರರು ಅಂತ ನನ್ನ ನಂಬಿಕೆ. ಒಂದು ರಾತ್ರಿ ಆಲ್ಮಾ ಕುರ್ಚಿಯಲ್ಲಿ ಕೂತು, ಸಮುದ್ರ ತೀರದಲ್ಲಿ ನಡೆದ ಒಂದು ಹಳೆಯ ಘಟನೆ ಹೇಳಿಕೊಳ್ಳುತ್ತಾಳೆ. ಫ್ಲಾಶ್‌ಬ್ಯಾಕ್ ಇಲ್ಲ, ಆ ತೀರವನ್ನು ತೋರಿಸುವುದೂ ಇಲ್ಲ. ಬರೀ ಒಂದು ಮುಖ, ಒಂದು ದನಿ. ಸಿನಿಮಾ ಮುಗಿದ ಮೇಲೆ ಯೋಚಿಸಿ, ಆ ಮರಳು, ಬಿಸಿಲು ಎಲ್ಲ ನೋಡಿದ ಹಾಗೇ ಇರುತ್ತದೆ.

ಇಬ್ಬರ ಮುಖದ ಒಂದೊಂದು ಅರ್ಧ ಸೇರಿಸಿ ಒಂದೇ ಮುಖ ಮಾಡಿದ ಚಿತ್ರವೂ ಇದರಲ್ಲಿದೆ. ಅದನ್ನು ಬರ್ಗ್‌ಮನ್ ಮೊದಲ ಸಲ ತೋರಿಸಿದಾಗ ಬಿಬಿ ಅದು ಲಿವ್ ಅಂದುಕೊಂಡಳಂತೆ, ಲಿವ್ ಅದು ಬಿಬಿ ಅಂದುಕೊಂಡಳಂತೆ.

ಹಾಲಿವುಡ್‌ಗೂ ಹೋದಳು. ಸಿಡ್ನಿ ಪಾಟಿಯೆ, ಜೇಮ್ಸ್ ಗಾರ್ನರ್ ಜೊತೆ 'ಡ್ಯುಯಲ್ ಅಟ್ ಡಯಾಬ್ಲೊ', ಪಾಲ್ ನ್ಯೂಮನ್ ಜೊತೆ 'ಕ್ವಿಂಟೆಟ್'. ಅಲ್ಲಿ ಆಕೆಗೆ ತಕ್ಕ ಪಾತ್ರ ಸಿಗಲಿಲ್ಲ ಅಂತಲೇ ನನಗನ್ನಿಸುತ್ತದೆ. ನಿಜವಾದ ಮನೆ ರಂಗಭೂಮಿಯೇ. 1988ರಲ್ಲಿ ದ್ರಮಾತೆನ್‌ನಲ್ಲಿ ಯುಜೀನ್ ಓನೀಲ್ ನಾಟಕ 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್'ನಲ್ಲಿ ಮಾರ್ಫಿನ್ ಚಟಕ್ಕೆ ಸಿಕ್ಕ ತಾಯಿಯ ಪಾತ್ರ ಮಾಡಿದಳು, ನಿರ್ದೇಶನ ಮತ್ತೆ ಬರ್ಗ್‌ಮನ್‌ರದೇ. ಹಾಲಿನ ಬಟ್ಟಲು ಕೊಟ್ಟ ಹುಡುಗಿಗೆ ಅಷ್ಟರಲ್ಲಿ ಐವತ್ತು ದಾಟಿತ್ತು. ಮುಂದೆ ತಾನೇ ನಾಟಕ ನಿರ್ದೇಶಿಸಿದಳು. ತೊಂಬತ್ತರ ದಶಕದ ಬೋಸ್ನಿಯಾ ಯುದ್ಧದ ಸಮಯದಲ್ಲಿ ಸರಾಯೆವೊ ನಗರಕ್ಕಾಗಿ ರಂಗಭೂಮಿಯ ಕೆಲಸಕ್ಕೆ ನಿಂತಳು. 1996ರಲ್ಲಿ ಆತ್ಮಕಥೆ ಬಂತು.

ಮನೆಯ ವಿಷಯ ಹೇಳಬೇಕೆಂದರೆ, ಮೂರು ಮದುವೆ. ಮೊದಲನೆಯವರು ನಿರ್ದೇಶಕ ಶೆಲ್ ಗ್ರೇಡೆ, ಅವರಿಂದ ಒಬ್ಬಳು ಮಗಳು. ಎರಡನೆಯವರು ರಾಜಕಾರಣಿ ಪೆರ್ ಆಲ್ಮಾರ್ಕ್. ಕೊನೆಯ ಮದುವೆ 2004ರಲ್ಲಿ.

2009ರಲ್ಲಿ ಪಾರ್ಶ್ವವಾಯು ಹೊಡೆಯಿತು. ಮಾತು ಹೋಯಿತು. ಸಿನಿಮಾದಲ್ಲಿ ಮಾತು ಬಿಟ್ಟವಳ ಮುಂದೆ ರಾತ್ರಿಯಿಡೀ ಮಾತಾಡಿದವಳು ತನ್ನ ಕೊನೆಯ ಹತ್ತು ವರ್ಷ ಹಾಗೇ ಕಳೆದಳು. 2019ರ ಏಪ್ರಿಲ್ 14ರಂದು ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡಾಗ ಆಕೆಗೆ 83.

ಆಗ ನಾನು 'ಪರ್ಸೋನಾ'ವನ್ನು ಮತ್ತೆ ಹಾಕಿಕೊಂಡೆ, ಈ ಸಲ ಸಬ್‌ಟೈಟಲ್ ಆಫ್ ಮಾಡಿ. ನೀವೂ ಎರಡನೇ ಸಲ ಹಾಗೆ ಮಾಡಿ. ಎಲಿಸಬೆತ್ ಪೋಸ್ಟ್ ಮಾಡಲು ಕೊಟ್ಟ ಪತ್ರವನ್ನು ಆಲ್ಮಾ ದಾರಿಯಲ್ಲಿ ಓದಿಬಿಡುತ್ತಾಳೆ. ತನ್ನ ಗುಟ್ಟನ್ನೆಲ್ಲ ಅದರಲ್ಲಿ ಬರೆದದ್ದು ನೋಡಿ ಒಳಗೇ ಕುದಿಯುತ್ತಾಳೆ. ಆಮೇಲೆ ಅಂಗಳದಲ್ಲಿ ಒಂದು ಗ್ಲಾಸ್ ಬಿದ್ದು ಒಡೆಯುತ್ತದೆ. ಚೂರೆಲ್ಲ ಆರಿಸುತ್ತಾಳೆ. ಒಂದು ಉಳಿದದ್ದು ಕಣ್ಣಿಗೆ ಬೀಳುತ್ತದೆ. ಎತ್ತುವುದಿಲ್ಲ. ಎಲಿಸಬೆತ್ ಬರಿಗಾಲಲ್ಲಿ ಆ ಕಡೆ ಈ ಕಡೆ ಓಡಾಡುತ್ತಿರುತ್ತಾಳೆ. ಬಿಬಿ ಸುಮ್ಮನೆ ಕೂತು ಕಾಯುತ್ತಾಳೆ.