ಪರದೆಯನ್ನು ಓದುವುದೋ, ಮಾತನ್ನು ಕೇಳುವುದೋ?

ಪ್ರಶ್ನೆ: ನಾನು ಚಿತ್ರದುರ್ಗದವಳು, ದಾವಣಗೆರೆಯಲ್ಲಿ ಭೂಗೋಳ ಎಂ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ವಾಣಿವಿಲಾಸ ಸಾಗರ ಜಲಾಶಯದ ಬಗ್ಗೆ 15 ನಿಮಿಷ ವಿಷಯ ಮಂಡಿಸಬೇಕಿದ್ದು, ಈಗಾಗಲೇ 42 ಸ್ಲೈಡ್‌ಗಳಾಗಿವೆ. ಕಳೆದ ಸಲ ಸ್ಲೈಡ್ ನೋಡಿಕೊಂಡೇ ಓದಿದೆನೆಂದು ಟೀಕೆ ಬಂತು. ಸಾಲದ್ದಕ್ಕೆ ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳೆಲ್ಲ ಒಡೆದುಹೋದವು. ಈ ಸಲ ಹೇಗೆ ಸಿದ್ಧಳಾಗಲಿ?

ಉತ್ತರ: ನಿಮ್ಮ ಲೆಕ್ಕದಲ್ಲಿ ಒಂದು ಸ್ಲೈಡಿಗೆ ಸಿಗುವುದು ಸುಮಾರು 21 ಸೆಕೆಂಡು. ಎಣಿಕೆಗಿಂತ ದೊಡ್ಡ ತೊಡಕೆಂದರೆ, ಮರೆತೀತೆಂಬ ಭಯದಿಂದ ಹೇಳಬೇಕಾದುದನ್ನೆಲ್ಲ ನೀವು ಪರದೆಯ ಮೇಲೆ ಬರೆದಿಟ್ಟುಕೊಂಡಿರುವುದು. ಬಾಯಿಬಿಟ್ಟು ಓದುವುದಕ್ಕಿಂತ ಮನಸ್ಸಿನಲ್ಲೇ ಓದಿಕೊಳ್ಳುವುದು ಬೇಗ ಆಗುವುದರಿಂದ, ನೀವು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸಭಿಕರು ಸ್ಲೈಡ್ ಮುಗಿಸಿ ಮೊಬೈಲ್ ತೆಗೆದಿರುತ್ತಾರೆ.

ಆದ್ದರಿಂದ ಮೊದಲು ಕಂಪ್ಯೂಟರ್ ಮುಚ್ಚಿಟ್ಟು, ಹೇಳಬೇಕಾದ ಮಾತನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ, ಕಣ್ಣಾರೆ ಕಾಣದೆ ತಿಳಿಯದ್ದು ಯಾವುದೋ ಅದಕ್ಕೆ ಮಾತ್ರ ಸ್ಲೈಡ್ ಮಾಡಿ. ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ, ವೇದಾವತಿಗೆ ಅಡ್ಡಲಾಗಿ ಕಟ್ಟೆ ಎದ್ದಿತೆಂಬುದನ್ನು ಬಾಯಲ್ಲಿ ಹೇಳಿದರೆ ಸಾಕು. ಆದರೆ ಮಾರಿಕಣಿವೆಯನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟನ್ನು ತೋರಿಸುವ ನಕ್ಷೆಯೇ ಬೇಕು.

ನೀರಿನ ಮಟ್ಟದ ಸ್ಲೈಡ್ ನಿಮ್ಮ ಮಂಡನೆಯ ಜೀವಾಳ. ಅಲ್ಲಿ ವರ್ಷವಾರು ಕೋಷ್ಟಕ ತುಂಬಿ, ಮೇಲೆ ‘ನೀರಿನ ಮಟ್ಟದ ವಿವರ’ ಎಂದು ಬರೆದರೆ ಹಿಂದಿನ ಸಾಲಿನವರಿಗೆ ಇರುವೆಸಾಲು ಕಂಡಂತಾಗುತ್ತದೆ. ಅದರ ಬದಲು ಮಟ್ಟವನ್ನು ಒಂದೇ ಗೆರೆಯಾಗಿ ಬರೆದು, ಜಲಾಶಯದ ಪೂರ್ಣ ಮಟ್ಟವಾದ 130 ಅಡಿಗೆ ಅಡ್ಡಗೆರೆ ಎಳೆದು, 1933 ಮತ್ತು 2022ರ ಬಿಂದುಗಳಿಗೆ ಮಾತ್ರ ಬಣ್ಣ ಕೊಟ್ಟು, ‘ಮತ್ತೆ ಕೋಡಿ ಬೀಳಲು 89 ವರ್ಷ’ ಎಂದು ತಲೆಬರಹ ಹಾಕಿ. ಆ ಸ್ಲೈಡ್ ಬಂದಾಗ ನಾಲ್ಕೈದು ಸೆಕೆಂಡು ಸುಮ್ಮನಿರಿ. ಸಭೆಯಲ್ಲಿ ಜಲಾಶಯದ ಹತ್ತಿರದ ಹಿರಿಯೂರಿನವರಿದ್ದರೆ ಇನ್ನೂ ಸ್ವಲ್ಪ ಹೊತ್ತು.

ಅಕ್ಷರ ಒಡೆಯಲು ಬಹುತೇಕ ಕಾರಣ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟುಗಳು. ಅವು ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗುತ್ತದೆ. ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐ ಬಳಸಿ; ಪೆನ್‌ಡ್ರೈವಿನಲ್ಲಿ ಪಿಡಿಎಫ್ ಪ್ರತಿಯೊಂದಿರಲಿ. ಇಂಗ್ಲಿಷಿನ ಸಾಲಂತರ ಕನ್ನಡಕ್ಕೆ ಸಾಲದು: ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರ 28 ಪಾಯಿಂಟಿಗಿಂತ ಕೆಳಗಿಳಿಯದಿರಲಿ.

ದಾವಣಗೆರೆಯ ಸಭಾಂಗಣವೊಂದರಲ್ಲಿ, ಪರದೆಯಿಲ್ಲದ ಪಡುವಣ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ನುಗ್ಗಿ, ಕಡುನೀಲಿ ಹಿನ್ನೆಲೆಯ ನನ್ನ ಸ್ಲೈಡ್‌ಗಳೆಲ್ಲ ಖಾಲಿ ಗೋಡೆಯಂತಾಗಿದ್ದವು. ಅಂದಿನಿಂದ ನಾನು ಬಿಳಿ ಹಿನ್ನೆಲೆ, ಕಪ್ಪು ಅಕ್ಷರವನ್ನು ಬಿಟ್ಟಿಲ್ಲ.

ಗಡಿಯಾರವಿಟ್ಟುಕೊಂಡು, ನಿಂತು, ಗಟ್ಟಿಯಾಗಿ ಮೂರು ಸಲ ಹೇಳಿ ನೋಡಿ. 13 ನಿಮಿಷಕ್ಕೆ ಮುಗಿಯುವಂತಿರಲಿ. ಪರದೆಗೆ ತಿರುಗಿ ನಿಲ್ಲುವ ಅಭ್ಯಾಸವಿದ್ದರೆ, ಚಿತ್ರ ಬೇಡವಾದ ಕಡೆ ಪವರ್‌ಪಾಯಿಂಟ್‌ನಲ್ಲಿ ‘ಬಿ’ ಕೀಲಿ ಒತ್ತಿ: ಪರದೆ ಕಪ್ಪಾಗುತ್ತದೆ, ಜನ ನಿಮ್ಮನ್ನು ನೋಡುತ್ತಾರೆ. ಕೊನೆಯ ‘ಧನ್ಯವಾದಗಳು’ ಸ್ಲೈಡನ್ನು ತೆಗೆದುಹಾಕಿ. ಪ್ರಶ್ನೆಗಳು ಬರುವ ಹೊತ್ತಿಗೆ ನೀರಿನ ಮಟ್ಟದ ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಹೊಡೆದರೆ ಆ ಗೆರೆಯೇ ಮತ್ತೆ ಪರದೆಯ ಮೇಲೆ ಬಂದು, ಕೇಳುವವರೂ ಅದನ್ನೇ ಹಿಡಿದು ಕೇಳುತ್ತಾರೆ.