ಮೂಲೆ ಜಾಗಕ್ಕೆ ಎಷ್ಟು ಅಡಿಕೆ ಸಸಿ ಬೇಕು?

ಮೇಲೆ ಹೋದ ಹಾಗೆ ಕಿರಿದಾಗುವ ಮೂಲೆ ಜಾಗಕ್ಕೆ ಒಟ್ಟು ಎಷ್ಟು ಅಡಿಕೆ ಸಸಿ ತರಬೇಕು ಅನ್ನುವ ನಿಮ್ಮ ಪ್ರಶ್ನೆ ನೋಡಿದೆ. ನೀವು ಕೊಟ್ಟ ಅಳತೆ ಹೀಗಿದೆ: ಕೆಳಗಿನ ಸಾಲಿಗೆ 42 ಗುಂಡಿ, ಮೇಲೆ ಹೋದ ಹಾಗೆ ಸಾಲಿಗೆ 2 ಕಡಿಮೆ, ಕೊನೆ ಸಾಲಿಗೆ 6. ಅಂತರ 9 ಅಡಿ, ಜಾಗ ಸುಮಾರು 34 ಗುಂಟೆ. ಒಂದೊಂದೇ ಸಾಲು ಕೂಡುತ್ತಾ ಹೋಗಬೇಡಿ, ಮಧ್ಯದಲ್ಲಿ ಒಂದು ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಮೊದಲು ಸಾಲು ಎಷ್ಟು ಅಂತ ನೋಡಿ. 42ರಲ್ಲಿ 6 ಕಳೆದರೆ 36, ಅದನ್ನು 2ರಿಂದ ಭಾಗಿಸಿದರೆ 18. ಇಲ್ಲಿ ನಿಲ್ಲಬೇಡಿ! 18 ಅಂದರೆ ಸಾಲುಗಳ ನಡುವಿನ ಸಂದು. ಸಾಲು ಅದಕ್ಕಿಂತ ಒಂದು ಜಾಸ್ತಿ, ಅಂದರೆ 19. ಆ ಒಂದನ್ನು ಬಿಟ್ಟು ಲೆಕ್ಕ ಹಾಕಿ ನಾನು ಒಮ್ಮೆ ಸಸಿ ಕಡಿಮೆ ತಂದಿದ್ದೆ. ಮಳೆ ಹಿಡಿದ ಮೇಲೆ ಅದೇ ವಯಸ್ಸಿನ ಸಸಿ ಸಿಗಲೇ ಇಲ್ಲ. ಆ ಸಾಲು ಇವತ್ತಿಗೂ ಉಳಿದವಕ್ಕಿಂತ ಗಿಡ್ಡ.

ಈಗ ಮೊದಲ ಸಾಲನ್ನೂ ಕೊನೆ ಸಾಲನ್ನೂ ಜೋಡಿ ಮಾಡಿ: 42 + 6 = 48. ಎರಡನೆಯದು ಮತ್ತು ಕೊನೆಯಿಂದ ಎರಡನೆಯದು: 40 + 8, ಅದೂ 48. ಒಂದು ಕಡೆ ಎರಡು ಇಳಿದರೆ ಇನ್ನೊಂದು ಕಡೆ ಎರಡು ಏರುತ್ತದೆ, ಅಲ್ವಾ? ಹಾಗಾಗಿ ಸರಾಸರಿ ಸಾಲಿಗೆ 24 ಸಸಿ. 24 × 19 = 456. ಸಾಲು ಸಮಸಂಖ್ಯೆಯಲ್ಲಿದ್ದರೂ ಇದೇ ಲೆಕ್ಕ ನಡೆಯುತ್ತದೆ.

ಹತ್ತನೇ ತರಗತಿಯ ಸಮಾಂತರ ಶ್ರೇಢಿ ಇದೇ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಆ 24ಕ್ಕೆ ‘ಮಧ್ಯಧನ’, ಒಟ್ಟು ಮೊತ್ತಕ್ಕೆ ‘ಸರ್ವಧನ’ ಅನ್ನುತ್ತಾರೆ. ನನಗೆ ಸೂತ್ರಕ್ಕಿಂತ ಈ ಹೆಸರುಗಳೇ ನೆನಪಿನಲ್ಲಿ ಉಳಿದಿವೆ.

ಜಾಗದ ಲೆಕ್ಕದಿಂದಲೂ ತಾಳೆ ನೋಡಿ. ಗುಂಟೆಗೆ 1,089 ಚದರ ಅಡಿ, ಒಂದು ಸಸಿಗೆ 9 × 9, ಅಂದರೆ 81. ಹಾಗಾದರೆ 34 ಗುಂಟೆಗೆ ಸುಮಾರು 457 ಸಸಿ. ಎರಡೂ ಹತ್ತಿರ ಹತ್ತಿರ ಬಂದಿವೆ, ನಿಮ್ಮ ಅಳತೆ ಸರಿ ಇದೆ.

ಒಂದು ಮಾತು. ಪ್ರತಿ ಸಾಲಿಗೂ ಸರಿಯಾಗಿ ಎರಡೇ ಕಡಿಮೆ ಆಗುತ್ತಿದ್ದರೆ ಮಾತ್ರ ಈ ದಾರಿ. ಬೇಲಿ ಡೊಂಕಿದ್ದು ಒಂದು ಕಡೆ 3, ಇನ್ನೊಂದು ಕಡೆ 1 ಕಡಿಮೆ ಆದರೆ ಗೂಟ ಹೊಡೆದು ಎಣಿಸಲೇಬೇಕು. ಸತ್ತ ಸಸಿ ಬದಲಿಸಲು ಸುಮಾರು 25 ಜಾಸ್ತಿ ತನ್ನಿ. ನರ್ಸರಿಯವರಿಗೆ 480 ಅಂತ ಹೇಳಿಬಿಡಿ.