ಸ್ವಂತ ಊರಿನಲ್ಲಿ ಕ್ಷೇತ್ರಕಾರ್ಯ: ಮನೆಮಗಳೋ, ಸಂಶೋಧಕಿಯೋ?

ಪ್ರಶ್ನೆ: ನಮ್ಮೂರ ಮಾರಿಹಬ್ಬದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಏನು ಕೇಳಿದರೂ ‘ನಿಂಗೇ ಗೊತ್ತಲ್ಲವ್ವ’ ಅಂತಾರೆ. ಚಿಕ್ಕಮ್ಮ, ಅತ್ತೆಯರು ನಂಬಿ ಹೇಳಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಒಳಗಿನವಳಾಗಿ ಇರಲೋ, ಹೊರಗಿನವಳಾಗಿಯೋ?
— ಸಂಶೋಧನಾ ವಿದ್ಯಾರ್ಥಿನಿ, ಮಂಡ್ಯ ಜಿಲ್ಲೆ

ಉತ್ತರ: ಅದನ್ನು ತೀರ್ಮಾನಿಸುವುದು ಊರು, ನೀವಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಕ್ಷೇತ್ರಕಾರ್ಯಕ್ಕೆಂದು, ತಮ್ಮ ಬರಹದಲ್ಲಿ ‘ರಾಮಪುರ’ ಎಂದು ಹೆಸರು ಬದಲಿಸಿ ಕರೆದ ಹಳ್ಳಿಗೆ ಹೋದಾಗ ಮೈಸೂರಿನವರೇ, ಕನ್ನಡ ಬಲ್ಲವರೇ ಆಗಿದ್ದರು. ಆದರೂ ಊರು ಅವರಿಂದ ಬಯಸಿದ್ದು ಬ್ರಾಹ್ಮಣನ ನಡವಳಿಕೆಯನ್ನು. ಇಳಿದುಕೊಂಡಿದ್ದು ಊರ ಮುಖ್ಯಸ್ಥರ ಆಸರೆಯಲ್ಲಿ. ಹೀಗಾಗಿ ಜಮೀನುದಾರರ ಊರು ಕಂಡಷ್ಟು ಹರಿಜನ ಕೇರಿ ತಮಗೆ ಕಾಣಲಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ನೀವೂ ಊರಿಗೆಲ್ಲ ಒಳಗಿನವರಲ್ಲ. ನಿಮ್ಮ ಕೇರಿಗೆ, ನಿಮ್ಮ ಜಾತಿಗೆ, ಅದರಲ್ಲೂ ಹೆಂಗಸರ ಪಡಸಾಲೆಗೆ ಮಾತ್ರ.

ಆದ್ದರಿಂದ ಮೊದಲ ವಾರದಲ್ಲೇ ತಮಟೆಯವರು, ಮಾರಿಯ ಹಾಡು ಹೇಳುವ ಅಸಾದಿ, ಮಡಿವಾಳರ ಮನೆಗಳಿಗೆ ಹೋಗಿ. ಅಪ್ಪನನ್ನೋ ಊರ ಯಜಮಾನರನ್ನೋ ಜೊತೆಗೆ ಕರೆದೊಯ್ದರೆ ಕೆಲಸ ಕೆಟ್ಟಿತು: ಅವರ ಮುಂದೆ ಹಬ್ಬದ ವಂತಿಗೆಯ ತಕರಾರು, ಆರತಿ ಸರದಿಯ ಜಗಳ ಯಾವುದೂ ಬಾಯಿಗೆ ಬರುವುದಿಲ್ಲ. ಮೊದಲು ನಿಮ್ಮನ್ನು ಊರು ಸುತ್ತಿಸಿದವರ ಕಡೆಯವರೆಂದೇ ನಿಮ್ಮನ್ನು ಎಣಿಸುತ್ತಾರೆ. ಆ ಹಣೆಪಟ್ಟಿ ಬೇಗ ಬಿಡುವುದಿಲ್ಲ.

‘ನಿಂಗೇ ಗೊತ್ತಲ್ಲ’ ಎಂದಾಗ ‘ಯಾಕೆ ಹೀಗೆ ಮಾಡ್ತೀರಿ?’ ಎಂದು ಕೇಳಬೇಡಿ. ಪಾಠ ಒಪ್ಪಿಸಿದಂಥ ಉತ್ತರ ಬರುತ್ತದೆ. ನಡೆದದ್ದನ್ನು ಕೇಳಿ: ಹೋದ ವರ್ಷ ಮೊದಲ ಆರತಿ ಯಾರದು? ಮಡಿ ಬಟ್ಟೆ ಹಾಸಿದ್ದು ಯಾರು, ಅವರಿಗೆ ಸಿಕ್ಕಿದ್ದೆಷ್ಟು? ವಂತಿಗೆ ಕೊಡದ ಮನೆ ಯಾವುದು? ನಿಮಗೆ ಗೊತ್ತಿದೆ ಎಂದುಕೊಂಡಿದ್ದೂ ಇಲ್ಲೇ ಬಿದ್ದುಹೋಗುತ್ತದೆ.

ನೋಟ್ಸನ್ನು ಅದೇ ರಾತ್ರಿ ಬರೆಯಿರಿ, ಮಾರನೆಯ ದಿನಕ್ಕೆ ಉಳಿಸಬೇಡಿ. ಎಡಪುಟದಲ್ಲಿ ಕಂಡದ್ದು ಕೇಳಿದ್ದು, ಬಲಪುಟದಲ್ಲಿ ನಿಮ್ಮ ಅನಿಸಿಕೆ. ಪ್ರತಿ ನಮೂದಿನ ತಲೆಯಲ್ಲಿ ಒಂದು ಸಾಲು: ಯಾರು ಇದ್ದರು, ಅವರು ಮಾತಾಡಿದ್ದು ಯಾರ ಜೊತೆ — ಮಗಳ ಜೊತೆಯೋ, ಓದಿದವಳ ಜೊತೆಯೋ, ಇಂಥವರ ಮೊಮ್ಮಗಳ ಜೊತೆಯೋ? ಬೇಸರದ ಕೆಲಸ, ನಿಜ. ಆದರೆ ಪ್ರಬಂಧ ಬರೆಯುವಾಗ ಒಂದೇ ಸಂಗತಿಗೆ ಎರಡು ಹೇಳಿಕೆ ಏಕೆ ಬಂತೆಂದು ತಿಳಿಯುವುದು ಈ ಸಾಲಿನಿಂದಲೇ.

ಇನ್ನು ಚಿಕ್ಕಮ್ಮನ ಮಾತು. ಊಟದ ಪಂಕ್ತಿಯಲ್ಲಿ, ಸೂತಕದ ಮನೆಯಲ್ಲಿ ಕೇಳಿದ್ದನ್ನು ಹಾಗೇ ಎತ್ತಿ ಬಳಸಬೇಡಿ. ಎರಡು ದಿನ ಬಿಟ್ಟು, ಪುಸ್ತಕ ಕೈಯಲ್ಲಿ ಹಿಡಿದೇ ಹೋಗಿ, ‘ಅವತ್ತು ಹೇಳಿದ್ದನ್ನ ಬರಕೊಳ್ಳಲಾ?’ ಎಂದು ಕೇಳಿ. ಬೇಡವೆಂದರೆ ಬಿಟ್ಟುಬಿಡಿ. ಮೊಬೈಲಿನಲ್ಲಿ ಧ್ವನಿ ಹಿಡಿಯುವುದಾದರೆ ಪ್ರತಿ ಸಲವೂ ಕೇಳಬೇಕು. ಒಮ್ಮೆ ಸಿಕ್ಕ ಒಪ್ಪಿಗೆ ವರ್ಷವಿಡೀ ನಡೆಯದು.

ಹೆಸರು ಬದಲಿಸಿದರೆ ಸಾಕೆಂದು ಮಾತ್ರ ನಂಬಬೇಡಿ. ‘ರಾಮಪುರ’ ಕೊಡಗಹಳ್ಳಿ ಎಂಬುದು ಇಂದು ಗುಟ್ಟಲ್ಲ. ಅದರಲ್ಲೂ ಪ್ರಬಂಧದ ಮೇಲೆ ನಿಮ್ಮ ಹೆಸರಿರುವಾಗ ಊರು ಯಾವುದೆಂದು ಯಾರಾದರೂ ಹೇಳಿಯಾರು. ಊರಿಗೆ ಒಬ್ಬರೇ ಅಸಾದಿ ಇದ್ದರೆ ಬದಲಿ ಹೆಸರು ಏನನ್ನು ಮುಚ್ಚೀತು? ಅವರಿಗೆ ತೊಂದರೆಯಾಗುವ ಮಾತನ್ನು ಇಬ್ಬರು ಮೂವರ ಹೇಳಿಕೆಯೊಂದಿಗೆ ಬೆರೆಸಿ ಬರೆಯಿರಿ. ಬೆರೆಸಿದ್ದೇನೆಂದು ವಿಧಾನದ ಅಧ್ಯಾಯದಲ್ಲಿ ತಿಳಿಸಿ. ಬೆರೆಸಲಾಗದಿದ್ದರೆ ಅದು ನೋಟ್‌ಬುಕ್ಕಿನಲ್ಲೇ ಇರಲಿ.